ದಾರ ಹಿಡದು ತಂದ ಕಾರ್ಡು

ನಮ್ಮ ಅತ್ತಿ ಮಗ ಒಳ್ಳೆ ಮನುಷ್ಯಾ. ಇದನ್ನ ಮೊದಲ ಹೇಳಿಬಿಡ್ತೀನಿ, ಯಾಕಂದ್ರ ಮುಂದ ನಾ ಹೇಳೂದು ಕೇಳಿ ಅಂವ ಏನೋ ಕೆಟ್ಟಾಂವ ಇರಬೇಕು ಅಂತ ತಿಳ್ಕೊಂಡೀರಿ. ಅಂವ ಕೆಟ್ಟಾಂವ ಆಗಿದ್ರ ನನಗ ಎಷ್ಟೋ ಆರಾಮ ಆಗ್ತಿತ್ತು. ನಾಕು ಮಾತು ಬೈದು ಕೈ ತೊಳಕೋತಿದ್ದೆ. ಒಳ್ಳೆಯವರ ಮ್ಯಾಲ ಹೊಟ್ಟಿಕಿಚ್ಚು ಪಡೂದು ಭಾಳ ತ್ರಾಸಿನ ಕೆಲಸ.

ಎರಡು ಸಾವಿರದ ಐದೋ ಆರೋ ಇರಬೇಕು. ಹಾವೇರಿಯಾಗ ಕೋರ್ಟಿನ ಹತ್ರ ಅಪ್ಪಂದೊಂದು ಟೈಪಿಂಗ್ ಅಂಗಡಿ ಇತ್ತು. ಅರ್ಜಿ, ಕರಾರುಪತ್ರ, ಬಾಡಗಿ ಪತ್ರ ಎಲ್ಲಾ ಅಲ್ಲೇ ಟೈಪ್ ಆಗ್ತಿದ್ವು. ಅಂಗಡಿಗೆ ಹೊಸಾ ಕಂಪ್ಯೂಟರ್ ಬಂದಾಗ ಹಳೇದು ಮನಿಗೆ ಬಂತು. ಬೆಳ್ಳಗಿದ್ದದ್ದು ಹಳದಿ ಆಗಿತ್ತು, ಒಂದು ಬದಿಯ ಬಾಗಲಾ ಯಾವಾಗೋ ಕಳದುಹೋಗಿತ್ತು. ಚಾಲೂ ಮಾಡಿದ್ರ ಗಿರಣಿ ಸುರು ಆದಂಗ ಸಪ್ಪಳ. ಅವ್ವ ಅಡಗಿಮನಿಯಿಂದನ "ಹಿಟ್ಟು ಬೀಸೂದು ಮುಗೀತೇನ್ರೋ?" ಅಂತ ಕೇಳ್ತಿದ್ಲು.

ನಾನಾಗ ಕಾಲೇಜಿಗೆ ಸೇರಿದ್ದೆ, ತಮ್ಮ ಎಂಟನೇತ್ತಾ. ಆ ಕಂಪ್ಯೂಟರ್‌ನ್ಯಾಗ ಒಂದು ಕಾರ್ ರೇಸಿನ ಆಟ ಇತ್ತು. ಕೀಬೋರ್ಡ್ ಒಂದ, ಆಡವ್ರು ಇಬ್ರು. ಬಲಗಡೆ ಬಾಣದ ಕೀ ನಂದು, ಎಡಗಡೆ ಅಕ್ಷರದ ಕೀ ಅವಂದು. ಮೊಣಕೈಲೆ ತಿವ್ಯೂದು, ಚೀರೂದು, "ಮೋಸಾ, ಮೋಸಾ" ಅನ್ನೂದು, ಎಲ್ಲಾ ಇತ್ತು. ಗೆಲ್ಲೂದು ಮಾತ್ರ ಯಾವಾಗ್ಲೂ ನಾನ. ಯಾವಾಗ್ಲೂ ಅಂದ್ರ ಯಾವಾಗ್ಲೂ. "ಸಣ್ಣಾಂವ ಅದಾನ, ಒಂದ್ಸಲ ಬಿಟ್ಟುಕೊಡಬಾರದೇನ?" ಅಂತಿದ್ಲು ಅವ್ವ. "ಬಿಟ್ಟುಕೊಟ್ರ ಅದು ಆಟ ಹೆಂಗಾಗ್ತೈತಿ?" ಅಂತ ನಾನು. ಅಂವ ಮಾರಿ ಊದಿಸ್ಕೊಂಡು ಹೊರಗ ಹೋಗಿ, ಒಂದು ಸುತ್ತು ಹೊಡದು ಮತ್ತ ಬಂದು ನನ್ನ ಬಾಜೂಕ ಕುಂಡ್ರತಿದ್ದ. ಹಂಗ ಬಂದು ಕುಂಡ್ರೂದ ನನಗ ಬೇಕಾಗಿತ್ತು. ಮನಿಯಾಗ ನನ್ನ ಜೋಡಿ ಜಗಳಾಡಾಕ, ನಗಾಕ ಇದ್ದಾಂವ ಅಂವ ಒಬ್ಬನ.

ಆಮ್ಯಾಲ ಆ ಆಟದ್ದ ಹೊಸಾ ಸೀಡಿ ಬಂತು. ತಮ್ಮ ತನ್ನ ಗೆಳೆಯನ ಕಡೆಯಿಂದ ಇಸ್ಕೊಂಡು ಬಂದ. ಹಾಕಿದ್ವಿ. ನಮ್ಮ ಕಂಪ್ಯೂಟರ್ ಭಾಳ ಹೊತ್ತು ಗುರುಗುಟ್ಟಿ, ಪರದೆ ಕಪ್ಪು ಮಾಡ್ಕೊಂಡು ಕುಂತ ಬಿಡ್ತು. ಮತ್ತೊಮ್ಮೆ ಹಾಕಿದ್ವಿ. ಈ ಸಲ ಕಾರು ಕಂಡ್ತು, ಆದ್ರ ಮೊಣಕಾಲು ನೋವಿದ್ದ ಮುದುಕರು ಮೆಟ್ಟಲಾ ಏರಿದಂಗ ನಿಂತು ನಿಂತು ಮುಂದ ಹೋತು. "ಇದಕ್ಕ ಕಾರ್ಡ್ ಬೇಕಂತಕ್ಕಾ, ಗ್ರಾಫಿಕ್ಸ್ ಕಾರ್ಡ್" ಅಂದ ತಮ್ಮ. "ಮತ್ತ ರ‍್ಯಾಮೂ ಸಾಲೂದಿಲ್ಲಂತ." ಅಪ್ಪನ ಕೇಳಿದ್ವಿ. "ಪತ್ರ ಬರೀತೈತಿಲ್ಲ? ಮತ್ತೇನು ಬೇಕು ಅದರ ಕಡೆಯಿಂದ?" ಅಂದ್ರು. ಅಲ್ಲಿಗೆ ಮಾತು ಮುಗೀತು.

ಇದೇ ಹೊತ್ತಿಗೆ ಬ್ಯಾಡಗಿಯಾಗ ನಮ್ಮ ಅತ್ತಿ ಮನಿಗೆ ಕಂಪ್ಯೂಟರ್ ಬಂತು.

ಅತ್ತಿ ಅಂದ್ರ ಅಪ್ಪನ ಅಕ್ಕ. ಮಾವಂದು ಮೆಣಸಿನಕಾಯಿ ದಲಾಲಿ ಅಂಗಡಿ. ಕಂಪ್ಯೂಟರ್ ತಂದದ್ದು ಅಂಗಡಿ ಲೆಕ್ಕಕ್ಕಂತ. ಲೆಕ್ಕ ಯಾರು ಮಾಡಿದ್ರೋ ದೇವರಿಗೇ ಗೊತ್ತು, ಅದು ಹೋಗಿ ಕುಂತದ್ದು ಅತ್ತಿ ಮಗನ ಕ್ವಾಣ್ಯಾಗ. ಮೆಣಸಿನಕಾಯಿ ಧೂಳು ಒಳಗ ಹೊಕ್ಕೀತು ಅಂತ ಕ್ವಾಣಿ ಬಾಗಲಕ್ಕ ಒಂದು ಹಸೀ ಪರದೆ ಬ್ಯಾರೆ. ನಮ್ಮನ್ನ ಊಟಕ್ಕ ಕರದಿದ್ರು. ನಾ ಒಳಗ ಹೋಗಿ ನೋಡಿದೆ. ನಮ್ಮ ಮನಿಯಾಗ ಕುಂಟ್ತಿದ್ದ ಅದೇ ಆಟ ಅಲ್ಲಿ ಓಡಾಕತ್ತಿತ್ತು. ಮಳಿ ಬಂದು ನಿಂತ ರಸ್ತೆ, ರಸ್ತೆ ಮ್ಯಾಲ ನೀರು, ನೀರಿನ್ಯಾಗ ಕಾರಿನ ಕೆಂಪು ದೀಪ. ಯವ್ವಾ, ನನ್ನ ಕಣ್ಣಿಗೆ ಯಾರೋ ಒಂದು ಮುಷ್ಟಿ ಬ್ಯಾಡಗಿ ಖಾರಾ ಒಗದಂಗಾತು.

ಅದಕ್ಕಿಂತ ಸಿಟ್ಟು ಬಂದದ್ದು ಅಂವ ಆಡೂದು ನೋಡಿ. ಅಂವಗ ಆಡಾಕ ಬರೂದ ಇಲ್ಲ! ತಿರುವಿನ್ಯಾಗ ಸೀದಾ ಹೋಗಿ ಗ್ವಾಡಿಗೆ ಹಾಯ್ತಿದ್ದ, ಹಾದು ಹೊಟ್ಟಿ ಕುಣಿಸಿ ನಗ್ತಿದ್ದ. ಸೋತ್ರೂ ನಗೂದ. "ಬಾರ ನೀ ಆಡು, ನೀ ಭಾರೀ ಆಡ್ತಿ ಅಂತ ಕೇಳೇನಿ" ಅಂತ ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟ. ನನಗ ತಲಿನೋವು ಅಂದೆ. ಇಂಥಾ ಕಂಪ್ಯೂಟರ್ ಇಂಥಾ ಕೈಗೆ! ದೇವರಿಗೆ ಹಂಚಾಕ ಬರೂದಿಲ್ಲ ಅಂತ ಖರೇನ ಅನಿಸ್ತು. ಅತ್ತಿ ಬಾಗಲದಾಗ ನಿಂತು ನನ್ನ ಮಾರಿ ನೋಡಿದ್ಲು. "ಯಾಕವಾ ಹಂಗ ನೋಡ್ತಿ? ನಾಳೆ ಈ ಮನಿಗೆ ಬಂದಿ ಅಂದ್ರ ಇದೂ ನಿಂದ, ಇವನೂ ನಿನ್ನವನ" ಅಂದ್ಲು. ಎಲ್ಲಾರೂ ನಕ್ರು. ಅತ್ತಿ ಮಗ ಇದ್ದ ಹುಡುಗ್ಯಾರಿಗೆ ನಮ್ಮ ಕಡೆ ಈ ಚಾಷ್ಟಿ ತಪ್ಪಿದ್ದಲ್ಲ. ಒಂದು ಕಂಪ್ಯೂಟರ್ ಸಲುವಾಗಿ ಲಗ್ನ ಆಗಬೇಕೇನು ನಾನು? ಪಾತ್ರಿ ಎತ್ಕೊಂಡು ಹಿತ್ತಲಕ್ಕ ಹೋಗಿ ತೊಳಕೋತ ಕುಂತೆ.

ಅಲ್ಲಿಂದ ಸುರು ಆತು. ಪ್ರತಿ ಐತವಾರ ಮುಂಜಾನೆ ತಮ್ಮ ತಲಿಗೆ ಎಣ್ಣಿ ಹಚ್ಕೊಂಡು, ಪ್ಯಾಸೆಂಜರ್ ಗಾಡಿ ಹತ್ತಿ ಬ್ಯಾಡಗಿಗೆ ಹೋಗಾಕ ಹತ್ತಿದ. ಸಂಜಿಗೆ ಬರಾವ. ಅಂಗಿ ತುಂಬ ಮೆಣಸಿನಕಾಯಿ ಘಾಟು, ಬಾಯಿ ತುಂಬ ಮಾಮಾ. ಅತ್ತಿ ಮಗನ್ನ ಅಂವ ಮಾಮಾ ಅಂತನ ಕರೀತಿದ್ದ. ಮಾಮಾನ ಕಂಪ್ಯೂಟರ್‌ನ್ಯಾಗ ಹಿಂಗ, ಮಾಮಾನ ಕಂಪ್ಯೂಟರ್‌ನ್ಯಾಗ ಹಂಗ. "ಅಲ್ಲೇ ಇದ್ದುಬಿಡು, ದತ್ತಕ ಹೋಗು" ಅಂತ ಒಮ್ಮೆ ರೇಗಿದೆ. ಅಂವ ಏನು ತಿಳಕೊಂಡ್ನೋ, "ಮಾಮಾನೂ ಹಂಗ ಅಂತಾನ" ಅಂದ. ನನಗ ಅಳೂ ಬಂತು. ನಮ್ಮ ಹಳೇ ಆಟಕ್ಕ ಕರದ್ರ ಬಂದು ಕುಂಡ್ರತಿದ್ದ, ಆದ್ರ ಬಸ್ಸಿಗೆ ಕಾದವ್ರು ಕುಂತಂಗ.

ಅವನ್ನ ಹೆಂಗರ ಮಾಡಿ ಐತವಾರ ಮನಿಯಾಗ ಕುಂಡ್ರಿಸಬೇಕು ಅಂತ ಹಟಾ ಹಿಡದೆ. ದಿನಾ ಕಾಲೇಜು ಮುಗಿಸಿ ಅಪ್ಪನ ಅಂಗಡಿಗೆ ಹೋಗಿ ಟೈಪ್ ಮಾಡಾಕ ಕುಂತೆ. ಡಿಗ್ರಿ ಹುಡುಗರ ಪ್ರಾಜೆಕ್ಟ್ ವರದಿ, ಲಗ್ನಪತ್ರಿಕಿಯ ಒಕ್ಕಣಿ, ಏನ ಬಂದ್ರೂ ನಾನ. ಪುಟಕ್ಕಿಷ್ಟು ಅಂತ ಅಪ್ಪ ಕೊಡ್ತಿದ್ರು, ಅದೂ ತಪ್ಪು ತೆಗದು. ಗೆಳತ್ಯಾರು ಕ್ಯಾಂಟೀನಿಗೆ ಕರದ್ರ ಹೊಟ್ಟಿ ತುಂಬೇತಿ ಅಂತಿದ್ದೆ. ಬಳಿ ಕೊಳ್ಳಲಿಲ್ಲ, ದೀಪಾವಳಿಗೆ ಅರಿವಿ ಬ್ಯಾಡ ಅಂದು ಆ ರೊಕ್ಕಾನೂ ಇಸ್ಕೊಂಡೆ.

ಕಂಪ್ಯೂಟರಿನ ಹಳೇ ಸಾಮಾನು ಸಿಗೂ ಅಂಗಡಿ ರಾಣೆಬೆನ್ನೂರಿನ್ಯಾಗ ಐತಿ ಅಂತ ಕೇಳಿದ್ದೆ. ಮೊದಲ ರ‍್ಯಾಮ್ ತರೂದು ಅಂತ ಹೊಂಟೆ. ಎಂಥಾದ್ದು ಬೇಕು ಅಂತ ನನಗೇನು ಗೊತ್ತು? ಕುಪ್ಪಸ ಹೊಲಿಸಾಕ ಹೋಗುವಾಗ ಅಳತಿ ಕುಪ್ಪಸ ಒಯ್ಯೂದಿಲ್ಲೇನು, ಹಂಗ ಕಂಪ್ಯೂಟರಿನೊಳಗಿಂದ ಹಳೇ ರ‍್ಯಾಮ್ ಕಿತ್ತು ಕರ್ಚೀಫಿನ್ಯಾಗ ಸುತ್ಕೊಂಡು ಹೋದೆ. ದಾರಿಯಾಗ ಬ್ಯಾಡಗಿ ಸ್ಟೇಷನ್ ಬಂದ್ರ ಮಾರಿ ಆ ಕಡೆ ತಿರುವಿ ಕುಂತೆ. ಘಾಟಿಗೆ ಡಬ್ಬಿ ತುಂಬ ಎಲ್ಲಾರೂ ಕೆಮ್ಮಾಕತ್ತಿದ್ರು. ಆ ಊರ ನನಗ ಆಗಿಬರೂದಿಲ್ಲ ಅನಿಸ್ತು.

ಅಂಗಡಿಯಾಂವ ನನ್ನ ಅಳತಿ ನೋಡಿ ನಕ್ಕ. ನಕ್ಕರೇನಾತು, ಅದರ ಜೋಡಿದ್ದ ತೆಗದು ಕೊಟ್ಟ. ಮನಿಗೆ ಬಂದು ಹಚ್ಚಿದೆ, ಗಪ್ಪನ ಕುಂತ್ಕೊಂತು. ಕಂಪ್ಯೂಟರ್ ಲಗೂ ಏಳಾಕ ಹತ್ತಿತು. ತಮ್ಮನೂ "ಭಾರೀ ಅಕ್ಕಾ!" ಅಂದ. ಆ ಒಂದು ಮಾತಿಗೆ ನನ್ನ ತಲಿ ತಿರುಗಿತು. ಇಷ್ಟ ಅಲ್ಲೇನು ಇದು, ಅಳತಿ ಒಂದು ಸರಿ ಇದ್ರ ಯಾವ ಸಾಮಾನು ಬೇಕಾದ್ರೂ ತರಬಹುದು ಅಂತ ಅನ್ಕೊಂಡೆ.

ಕಾರ್ಡಿಗೆ ರೊಕ್ಕ ಕೂಡಾಕ ಮತ್ತ ಭಾಳ ದಿನಾ ಹಿಡೀತು. ಕೂಡಿದ ಮ್ಯಾಲ ಇನ್ನೊಂದು ಪೇಚಾಟ. ನಮ್ಮ ಕಂಪ್ಯೂಟರ್‌ಗೆ ಮೊದಲ ಕಾರ್ಡ ಇರಲಿಲ್ಲ, ಅಳತಿಗೆ ಏನು ಒಯ್ಯೂದು? ಆದ್ರ ಕಾರ್ಡ್ ಕೂಡೂ ಸಂದು ಇತ್ತು, ಉದ್ದಕ, ಕಂದುಬಣ್ಣದ್ದು. ಪ್ಯಾಟಿಗೆ ಬರದವರಿಗೆ ಬಳಿ ತರುವಾಗ ಅವ್ವ ಅವರ ಕೈಗೆ ದಾರ ಸುತ್ತಿ ಅಳತಿ ತಗೋತಿದ್ಲು. ನಾನೂ ಬಿಳೇ ದಾರ ತಗೊಂಡು ಆ ಸಂದಿನ ಉದ್ದಕ ಹಿಡದು, ಎರಡೂ ಕಡೆ ಗಂಟು ಹಾಕಿದೆ. ತಮ್ಮ ಬ್ಯಾಟರಿ ಹಿಡದಿದ್ದ. ಇಬ್ರಿಗೂ ನಾವು ಭಾಳ ಶಾಣ್ಯಾರು ಅನಿಸಿತ್ತು.

"ಬೋರ್ಡ್ ಯಾವುದ್ರಿ ಅಕ್ಕಾರ?" ಅಂತ ಕೇಳಿದ ರಾಣೆಬೆನ್ನೂರಿನಾಂವ.

"ಅಳತಿ ತಂದೇನ್ರಿ" ಅಂದೆ.

"ಅಳತಿ ಅಲ್ರೀ, ಕಾರ್ಡ್ ಕೂಡೂ ಬೋರ್ಡಿನ ಹೆಸರು, ಇಲ್ಲಾಂದ್ರ ಬೋರ್ಡ್ ತರ್ರಿ."

ನನಗ ರೇಗಿತು. "ಹೋದ ಸಲ ಅಳತಿ ನೋಡಿ ಕೊಟ್ರಿಲ್ಲ? ಹುಡುಗಿ ಅಂತ ಆಟ ಆಡಸ್ತೀರೇನು? ಕೊಡೂ ಮನಸಿದ್ರ ಕೊಡ್ರಿ, ಇಲ್ಲಾಂದ್ರ ಬ್ಯಾರೆ ಅಂಗಡಿ ಅದಾವು." ಬ್ಯಾರೆ ಅಂಗಡಿ ಇರಲಿಲ್ಲ. ಅಂವ "ನಿಮ್ಮ ಮರ್ಜಿರಿ" ಅಂತ ಒಂದು ಕಾರ್ಡ್ ತೆಗದ. ಅದರ ಬಂಗಾರ ಬಣ್ಣದ ಹಲ್ಲಿನ ಮ್ಯಾಲ ನನ್ನ ದಾರ ಇಟ್ಟು ನೋಡಿದೆ. ಗಂಟಿನಿಂದ ಗಂಟಿಗೆ ಬರೋಬ್ಬರಿ. "ನೋಡ್ರಿ!" ಅಂದೆ. "ವಾಪಸ್ ತಗೊಳ್ಳೂದಿಲ್ರಿ ಮತ್ತ" ಅಂದ. ವಾಪಸ್ ಯಾರಿಗೆ ಬೇಕಾಗೇತಿ ಅಂತ ರೊಕ್ಕ ಅವನ ಮುಂದ ಇಟ್ಟು ಬಂದೆ.

ಮನಿಗೆ ಬಂದು ಹಚ್ಚಾಕ ಹೋದ್ರ ಕಾರ್ಡ್ ಕೂಡ್ಲಿಲ್ಲ. ಉದ್ದ ಸರಿ ಇತ್ತು, ದಪ್ಪ ಸರಿ ಇತ್ತು. ಆದ್ರ ಆ ಸಂದಿನೊಳಗ ಒಂದು ಸಣ್ಣ ಅಡ್ಡಗ್ವಾಡಿ ಇರ್ತೈತಿ, ಕಾರ್ಡಿನ ಹಲ್ಲಿನ ನಡುವ ಅದಕ್ಕ ತಕ್ಕಂಗ ಒಂದು ಸೀಳು ಇರ್ತೈತಿ. ನಮ್ಮ ಗ್ವಾಡಿ ಈ ತುದಿಗೆ, ಅದರ ಸೀಳು ಆ ತುದಿಗೆ. ದಾರದಾಗ ಇದೆಲ್ಲಿ ಬರಬೇಕು? ಜೋರ್ಲೆ ಒತ್ತಿದೆ. "ಅಕ್ಕಾ ಒತ್ತಬ್ಯಾಡ, ಮುರೀತೈತಿ" ಅಂತ ತಮ್ಮ ನನ್ನ ಕೈ ಹಿಡದ. ನಾ ಅಲ್ಲೇ ನೆಲದ ಮ್ಯಾಲ ಕುಂತು ಅತ್ತೆ. ಆ ಟೈಪ್ ಮಾಡಿದ್ದು, ಬಳಿ ಬಿಟ್ಟಿದ್ದು, ಎಲ್ಲಾ ನೀರಾಗ ಹೋತು. ಅಪ್ಪ ಬಂದು ನೋಡಿ ಕಾರ್ಡು ಎತ್ತಿ ಅವ್ವನ ಕೈಯಾಗ ಕೊಟ್ರು. ಬೈದಿದ್ರ ಚಲೋ ಇತ್ತು, ಜಗಳಾ ತಗೀತಿದ್ದೆ.

ಮುಂದಿನ ಐತವಾರ ತಮ್ಮ ಬ್ಯಾಡಗಿಗೆ ಹೋಗಿ ಎಲ್ಲಾ ಒದರಿದ. ಸಂಜಿಗೆ ಫೋನ್ ಬಂತು, ಅತ್ತಿ ಮಗಂದು. ತನ್ನ ಕಂಪ್ಯೂಟರ್ ಬಿಚ್ಚಿ ನೋಡ್ಯಾನಂತ. ಅವನ ಕಾರ್ಡಿಗೆ ಎರಡೂ ಕಡೆ ಸೀಳು ಐತಂತ, ಅದು ನಮ್ಮದಕ್ಕೂ ಕೂಡ್ತೈತಂತ, ನಾ ತಂದದ್ದು ಅವನ ಬೋರ್ಡಿಗೆ ಸರಿ ಹೋಗ್ತೈತಂತ. "ನಂದು ನೀ ತಗೋ, ನಿಂದು ನನಗ ಕೊಡು. ನಿಂದು ಹೊಸಾ ಮಾಡೆಲ್ಲು, ಜಾಸ್ತಿ ಬೆಲಿದು, ಮ್ಯಾಲಿನ ರೊಕ್ಕ ನಾ ಕೊಡ್ತೀನಿ" ಅಂದ. ನೋಡ್ರಿ, ಎಷ್ಟು ಒಳ್ಳೆಯಾಂವ. ನನಗ ಫೋನಿನ್ಯಾಗ ಕೈ ಹಾಕಿ ಅವನ ಕೂದಲಾ ಜಗ್ಗಬೇಕು ಅನಿಸ್ತು. ನಾ ಬೆರಳು ಸವಿಸಿ ತಂದ ಕಾರ್ಡು ಅವನ ಮನಿಯಾಗ ಕುಂಡ್ರಬೇಕು, ಅವನು ಬಳಸಿ ಬಿಟ್ಟದ್ದು ನಮ್ಮ ಮನಿಗೆ ಬರಬೇಕು! "ನನಗೇನು ಗರಜಿಲ್ಲ" ಅಂತ ಫೋನ್ ಇಟ್ಟೆ.

ಕಾರ್ಡು ಅವ್ವನ ಟ್ರಂಕಿನ್ಯಾಗ, ಸೀರಿ ನಡುವ ಇತ್ತು. ದಿನಾ ತೆಗದು ನೋಡೂದು, ಮತ್ತ ಇಡೂದು. ಐತವಾರ ಬಂದ್ರ ತಮ್ಮ ಹೋಗೂದು. ಕಡೀಕ ಹೊಟ್ಟಿಕಿಚ್ಚಿಗೂ ಸುಸ್ತಾಗ್ತೈತಿ. ಒಂದು ಐತವಾರ ಅವನ ಜೋಡಿ ನಾನೂ ಗಾಡಿ ಹತ್ತಿದೆ.

ಅತ್ತಿ ಮಗ ತನ್ನ ಕಾರ್ಡು ತೆಗದು ನಂದು ಹಚ್ಚಿದ. ಚಾಲೂ ಮಾಡಿದ. ಅಯ್ಯ ನನ ಕರ್ಮ, ಏನು ಹೇಳಲಿ! ಮೊದಲ ಚಂದ ಇದ್ದ ರಸ್ತೆ ಈಗ ಖರೇ ರಸ್ತೆ ಆಗಿತ್ತು. ಗಿಡದ ನೆರಳು ಕಾರಿನ ಮ್ಯಾಲ ಹಾದುಹೋಗೂದು ಕಾಣ್ತಿತ್ತು. ತಮ್ಮ ಕುಣದಾಡಿದ. "ಅಕ್ಕಾನ ಕಾರ್ಡು! ಅಕ್ಕಾನ ಕಾರ್ಡು!" ಅಂತ ಚೀರಿದ. ನನ್ನ ರೊಕ್ಕದ ಕಾರ್ಡಿನ ಮ್ಯಾಲ ನನಗ ಹೊಟ್ಟಿಕಿಚ್ಚು ಬಂತು. ಇಂಥಾದ್ದು ಯಾರಿಗರ ಆಗೇತೇನು?

ಅಂವ ಮ್ಯಾಲಿನ ರೊಕ್ಕ ತೆಗದ. ಬ್ಯಾಡ ಅಂದೆ. ಹಳೇ ಕಾರ್ಡು ಕೈಯಾಗ ಇಡಾಕ ಬಂದ. ಅದೂ ಬ್ಯಾಡ ಅಂದೆ. "ಮಂದಿ ಬಳಸಿ ಬಿಟ್ಟ ಸಾಮಾನು ತಗೊಂಡು ಹೋಗುವಷ್ಟು ನಾವೇನು ಕೆಟ್ಟಿಲ್ಲ" ಅಂದುಬಿಟ್ಟೆ. ಅವನ ನಗೂ ಅಲ್ಲೇ ನಿಂತಿತು. ಅತ್ತಿ ಒಳಗ ಹೋಗಿ ಮೊರದಾಗ ಅಕ್ಕಿ, ಕಾಯಿ, ಅರಿಷಿಣ ಕೊಂಬು, ಉತ್ತತ್ತಿ, ಎಲಿ-ಅಡಿಕಿ, ಒಂದು ಹಸರು ಖಣ ಇಟ್ಕೊಂಡು ಬಂದ್ಲು. "ಗಾಡಿ ಹೊತ್ತಾತು. ಉಡಿ ತುಂಬ್ತೀನಿ, ಒಡ್ಡು" ಅಂದ್ಲು.

ಮನಿ ಮಗಳು ಊರಿಗೆ ಹೊಂಟ್ರ ಉಡಿ ತುಂಬಿ ಕಳಸೂದು ನಮ್ಮಲ್ಲಿ ಇದ್ದದ್ದ. ದುಪಟ್ಟಾದ ಸೆರಗು ಹಿಡದು ಒಡ್ಡಿದೆ. ಕುಂಕುಮ ಹಚ್ಚಿದ್ಲು, ಅಕ್ಕಿ ಹಾಕಿದ್ಲು, ಕಾಯಿ ಇಟ್ಲು, ಖಣ ಇಟ್ಲು. ಖಣದ ಮ್ಯಾಲ, ಪೇಪರಿನ್ಯಾಗ ಸುತ್ತಿದ ಕಾರ್ಡು ಇಟ್ಲು. ನಾ ಬಾಯಿ ತೆಗೆಯೂದ್ರಾಗ, "ಉಡಿಗೆ ಬಿದ್ದದ್ದು ಯಾರೂ ವಾಪಸ್ ಕೊಡೂದಿಲ್ಲ. ಕೊಟ್ಟಿ ಅಂದ್ರ ನನ್ನ ಮನಿ ಕಾಯಿ ಅಕ್ಕಿ ಎಲ್ಲಾ ಚೆಲ್ಲಿ ಹೋಗು" ಅಂದ್ಲು. ಚೆಲ್ಲಾಕ ಬರ್ತೈತೇನು? ಸೆರಗು ಗಂಟು ಹಾಕ್ಕೊಂಡೆ. ಗಾಡಿಯಾಗ ಬಾಜೂ ಕುಂತ ಮುದುಕಿ ನನ್ನ ಉಡಿ ನೋಡಿ, "ಲಗ್ನಾ ನಿಶ್ಚೇ ಆತೇನವಾ?" ಅಂತ ಕೇಳಿದ್ಲು. ತಮ್ಮ ಹಾವೇರಿತನಕ ನಕ್ಕ.

ಮನಿಗೆ ಬಂದು ಹಚ್ಚಿದೆ. ಬೆಣ್ಯಾಗ ಚಾಕೂ ಇಳದಂಗ ಕುಂತ್ಕೊಂತು. ಹೊಸಾ ಆಟ ಹಾಕಿದ್ವಿ, ಓಡ್ತು. ನಮ್ಮ ಮನಿಯಾಗೂ ಮಳಿ ಬಂತು, ರಸ್ತೆ ಮ್ಯಾಲ ನೀರು ನಿಂತಿತು, ಕೆಂಪು ದೀಪ ಕಂಡ್ತು. ಗಿಡದ ನೆರಳು ಕಾಣಲಿಲ್ಲ, ಇರ್ಲಿ ಬಿಡು ಅಂದೆ. ಆ ವಾರ ದಿನಾ ತಮ್ಮ ಸಾಲಿಯಿಂದ ಬಂದಾಂವ ಚೀಲಾ ಒಗದು ನನ್ನ ಬಾಜೂಕ ಕುಂಡ್ರತಿದ್ದ. ಮೊಣಕೈಲೆ ತಿವೀತಿದ್ದ, ಚೀರ್ತಿದ್ದ. ಎಲ್ಲಾ ಆಟಾ ನಾನ ಗೆದ್ದೆ. ಹೊಸಾ ರಸ್ತೆ ಆದ್ರೇನು, ತಿರುವಿನ್ಯಾಗ ಅವನ್ನ ಒಳಗಿನಿಂದ ಹಾದು ಹಿಂದ ಹಾಕೂದು ನನಗ ಅದೇ ದಿನಾ ಬಂತು. ಉಡಿಯಾಗ ಬಂದ ಕಾರ್ಡಿನ ಮ್ಯಾಲ ನಾ ಗೆದ್ದೆ, ತಮ್ಮನ್ನ ತಿರುಗಿ ತಂದ್ಕೊಂಡೆ ಅಂತ ಎಷ್ಟು ಖುಷಿ ಆಗಿತ್ತಂದ್ರ, ಅತ್ತಿ ಮಗಂಗ ಒಂದು ಫೋನ್ ಮಾಡಿ ಚಲೋ ಮಾತಾಡ್ಲೇನು ಅಂತನೂ ಅನಿಸಿತ್ತು.

ಐತವಾರ ಮುಂಜಾನೆ ಎದ್ದು ಬಂದ್ರ ತಮ್ಮ ಕನ್ನಡಿ ಮುಂದ ನಿಂತಿದ್ದ. ತಲಿಗೆ ಎಣ್ಣಿ ಹಚ್ಚಿತ್ತು. ಇಸ್ತ್ರಿ ಅಂಗಿ.

"ಎಲ್ಲಿಗೆ?" ಅಂದೆ.

"ಬ್ಯಾಡಗಿಗೆ."

"ಯಾಕೋ? ಇಲ್ಲೇ ಓಡ್ತೈತಲ್ಲೋ ಈಗ!"

"ಓಡ್ತೈತಿ."

"ನನ್ನ ಕಾರ್ಡು ಅಲ್ಲೈತಿ ಅಂತೇನು? ನೆರಳು ಕಾಣ್ತಾವಂತೇನು?"

"ಅದಲ್ಲಕ್ಕಾ." ಹಣಿಗಿ ಇಟ್ಟ. ನನ್ನ ಮಾರಿ ನೋಡ್ಲಿಲ್ಲ, ಅಂಗಿ ಗುಂಡಿ ಹಾಕ್ಕೋತ ಅಂದ. "ಅಲ್ಲಿ ನಾ ಗೆಲ್ತೀನಿ."

ನನಗ ಹೊಳದ ಮಾತು ಹೊರಗ ಬಂದ ಮ್ಯಾಲ ಬ್ಯಾಡಾಗಿತ್ತು ಅನಿಸ್ತು, ಆದ್ರ ನನ್ನ ಬಾಯಿ ನಂದ ಅಲ್ಲೇನು. "ಅಂವಗ ಆಡಾಕ ಬರೂದಿಲ್ಲ, ಅದಕ್ಕ ಗೆಲ್ತಿ" ಅಂದೆ.

"ಗೊತ್ತೈತಿ" ಅಂದ ತಮ್ಮ. ಚಪ್ಪಲಿ ಮೆಟ್ಟಿಗೊಂಡು ಸ್ಟೇಷನ್ ಕಡೆ ಹೋದ.